ವಾಡಿಯವರಿಗೆ ಕೇಳಿಸದೇ ಹೋದ ಮಾತು

ಸೇಡಂನ ನಮ್ಮ ಮನೆಗೆ ಫೋನು ಬಂದದ್ದು ತಂತಿಯಿಲ್ಲದೆ. ಅಪ್ಪ ಅರ್ಜಿ ಹಾಕಿ ವರ್ಷಗಟ್ಟಲೆ ಕಾದರೂ ನಮ್ಮ ಓಣಿಗೆ ಕೇಬಲ್ ಬರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಟೆಲಿಫೋನ್ ಕಚೇರಿಯವರು ಡಬ್ಲ್ಯೂಎಲ್‌ಎಲ್ ಎಂಬ ಹೊಸ ವ್ಯವಸ್ಥೆ ತಂದರು. ಮೇಜಿನ ಮೇಲೆ ಮಾಮೂಲಿ ಫೋನಿನಂಥದೇ ಒಂದು ಸೆಟ್ಟು, ಮಾಳಿಗೆಯ ಮೇಲೆ ಪೈಪಿಗೆ ಬಿಗಿದ ಆಂಟೆನಾ. ಆಂಟೆನಾದ ಮುಖ ಎಕ್ಸ್‌ಚೇಂಜಿನ ಟವರಿನ ಕಡೆಗೇ ಇರಬೇಕು, ನಡುವೆ ಏನೂ ಅಡ್ಡ ಬರಬಾರದು ಎಂದು ಹೇಳಿಹೋದರು.

ಅಡ್ಡ ಬಂದವನು ಕಾಕಾ. ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ, ಗೋಡೆಯಾಚೆಯ ಮನೆ. ಆಸ್ತಿ ಪಾಲಾದಾಗಿನಿಂದ ಇಬ್ಬರಿಗೂ ಮುಖ ಕಂಡರಾಗುತ್ತಿರಲಿಲ್ಲ. ಅವನು ತನ್ನ ಮಾಳಿಗೆಯನ್ನು ಒಂದು ಮೊಬೈಲ್ ಕಂಪನಿಗೆ ಬಾಡಿಗೆಗೆ ಕೊಟ್ಟ. ಕಬ್ಬಿಣದ ಟವರು ಎದ್ದಿತು, ಅದರ ಪಕ್ಕ ತಗಡಿನ ಕೋಣೆ, ಕೆಳಗೆ ನಮ್ಮ ಗೋಡೆಗೆ ತಾಗಿ ಜನರೇಟರು. ಕರೆಂಟು ಹೋದಾಗಲೆಲ್ಲ ಹೊಗೆ ನೇರ ಅವ್ವನ ಅಡುಗೆಮನೆಗೆ ನುಗ್ಗುತ್ತಿತ್ತು. ಆಗಿನಿಂದ ನಮ್ಮ ಫೋನಿನ ಮಾತು ಹರಿದು ಹರಿದು ಬರತೊಡಗಿತು.

“ನಿನ್ನ ಟವರ್ ನಮ್ಮ ಫೋನ್ ಕೆಡಿಸ್ಯದ,” ಎಂದು ಅಪ್ಪ ಗೋಡೆಯ ಬಳಿ ನಿಂತು ಕೂಗಿದ.

“ಇಡೀ ಊರಿಗೆ ರೇಂಜ್ ಸಿಗಾಕತ್ತದ. ನಿನಗಷ್ಟೇ ಸಿಗಂಗಿಲ್ಲಂದ್ರ ನಿನ್ನ ಹಣೇಬರಹ!” ಕಾಕಾ ಒಳಗಿನಿಂದಲೇ ಉತ್ತರ ಕೊಟ್ಟ.

ದೂರು ಕೊಟ್ಟ ಮೇಲೆ ಟೆಲಿಫೋನ್ ಕಚೇರಿಯ ಇಂಜಿನಿಯರು ಬಂದು ನೋಡಿದರು. “ಅದು ಜಿಎಸ್‌ಎಂ, ನಿಮ್ಮದು ಸಿಡಿಎಂಎ. ಅದರ ಭಾಷಾ ಬ್ಯಾರೆ, ಇದರ ಭಾಷಾ ಬ್ಯಾರೆ. ಆ ಟವರ್ ಎಷ್ಟು ಹತ್ರ ಇದ್ರೂ ನಿಮಗ ಉಪಯೋಗಿಲ್ರಿ. ಮ್ಯಾಲ ಅದು ಎಕ್ಸ್‌ಚೇಂಜಿಗೆ ಅಡ್ಡ ನಿಂತದ,” ಎಂದರು. ಆಂಟೆನಾ ಜಾಗ ಬದಲಿಸಲು ಜನ ಕಳಿಸುತ್ತೇನೆಂದು ಹೋದರು. ಜನ ಬರಲಿಲ್ಲ.

ನನ್ನ ಮದುವೆಯ ಮಾತು ನಡೆದದ್ದು ಆಗಲೇ. ನಾನು ಚಿತ್ತಾಪುರದ ಶಾಲೆಯೊಂದರಲ್ಲಿ ಮಾಸ್ತರಿಣಿ, ದಿನಾ ಪ್ಯಾಸೆಂಜರ್ ರೈಲಿನಲ್ಲಿ ಹೋಗಿಬರುತ್ತಿದ್ದೆ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿದ್ದ ಹುಡುಗ ನೋಡಿಹೋಗಿದ್ದ. ಅವನ ತಂದೆ ಫೋನು ಮಾಡಿ, ಮದುವೆಯಾದ ಮೇಲೆ ಹುಡುಗಿ ನೌಕರಿ ಬಿಡಬೇಕು, ಏನಂತೀರಿ ಎಂದು ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

“ನೌಕರಿ ಬಿಡಸ್ತೀವಿ ಅನ್ನೋ ಮಾತೇ ನಮ್ಮ ಮನಿಯಾಗ ಇಲ್ರಿ,” ಎಂದ ಅಪ್ಪ.

ಆ ಕಡೆ ಸದ್ದಿಲ್ಲ. ಸಿಟ್ಟಿನಿಂದ ಫೋನಿಟ್ಟರು, ಸಂಬಂಧ ಮುಗಿಯಿತು ಎಂದುಕೊಂಡೆವು.

ಆದರೆ ಮುಂದಿನ ರವಿವಾರ ಸೀರೆ, ಸಕ್ಕರೆ, ಹಣ್ಣು ಹಿಡಿದು ಅವರೇ ಬಂದು ಬಾಗಿಲಲ್ಲಿ ನಿಂತರು. ನನ್ನ ನೌಕರಿಗೆ ಒಪ್ಪಿದ್ದಾರೆ ಎಂದು ತಿಳಿದು ಅಪ್ಪ “ಬರ್ರಿ, ಕುಂದ್ರಿ” ಎಂದು ಉಪಚರಿಸಿದ. ಅವ್ವ ಗಡಿಬಿಡಿಯಲ್ಲಿ ಚುರಮುರಿ ನೆನೆಸಿ ಸುಸಲಾ ಮಾಡಿದಳು. ತಟ್ಟೆಗಳು ಇನ್ನೂ ಕೈಯಲ್ಲಿರುವಾಗಲೇ ಹುಡುಗನ ತಾಯಿ ನನ್ನ ಕಡೆ ತಿರುಗಿ ಕೇಳಿದರು, “ರಾಜೀನಾಮೆ ಕೊಟ್ಟೀಯೇನವಾ?”

“ಯಾಕ್ರಿ? ನಾ ಬಿಡಂಗಿಲ್ರಿ.”

ಹುಡುಗನ ತಂದೆ ತಟ್ಟೆ ಕೆಳಗಿಟ್ಟರು. “ನೌಕರಿ ಬಿಡಸ್ತೀವಿ ಅಂತ ನಿಮ್ಮಪ್ಪನ ಬಾಯಿಲೇ ಕೇಳೀನಿ. ಫೋನಿನಾಗ ಹೂಂ ಅಂದು, ಮಾರಿ ಮುಂದ ಇಲ್ಲ ಅಂತೀರಿ?”

ಫೋನು ನಡುವೆ ಕಟ್ ಆಗಿರಬೇಕು, ನಿಮಗೆ ಅರ್ಧವೇ ಕೇಳಿಸಿದೆ ಎಂದು ಅಪ್ಪ ಹೇಳುತ್ತಲೇ ಇದ್ದ. ಅವರು ಅಪ್ಪನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದು ಮೇಲೆ ತೋರಿಸಿದರು. “ನೆತ್ತಿ ಮ್ಯಾಲ ಇಷ್ಟು ದೊಡ್ಡ ಟವರ್ ಇಟಗೊಂಡು ಫೋನ್ ಕಟ್ ಆಯ್ತು ಅಂದ್ರ ಯಾರು ನಂಬ್ತಾರ್ರಿ?”

ಸಿಡಿಎಂಎ, ಜಿಎಸ್‌ಎಂ ಎಂದು ವಿವರಿಸಲು ನಾನು ಬಾಯಿ ತೆರೆದೆ. “ನಿನ್ನ ಪಾಠ ಶಾಲ್ಯಾಗ ಇಟಗೋ,” ಎಂದರು ಹುಡುಗನ ತಾಯಿ. ಹುಡುಗ ಫರ್ಸಿಕಲ್ಲಿನ ನೆಲ ನೋಡುತ್ತಾ ಕೂತಿದ್ದ. ಅವನ ಮೇಲೆ ಅಷ್ಟುಹೊತ್ತು ಇದ್ದ ಅಷ್ಟಿಷ್ಟು ಮನಸ್ಸು ಅಲ್ಲಿಗೇ ಹೋಯಿತು.

ಗೋಡೆಯ ಮೇಲೆ ಕಾಕಾನ ತಲೆ ಕಾಣಿಸಿತು. “ನಮ್ಮಣ್ಣಂದು ಮೊದಲಿಂದ ಹಿಂಗೇರಿ. ಹೇಳೋದೊಂದು, ಮಾಡೋದೊಂದು.”

ಬಂದವರು ಸೀರೆ, ಸಕ್ಕರೆ ಎತ್ತಿಕೊಂಡು ಹೋದರು. ಅಪ್ಪ ಗೋಡೆಗೆ ಹೋಗಿ ಕಾಕಾನ ಅಂಗಿಯ ಕಾಲರ್ ಹಿಡಿದ. ಇಬ್ಬರನ್ನೂ ಬಿಡಿಸಲು ಓಣಿಯವರೇ ಬರಬೇಕಾಯಿತು.

ಅನಂತರ ನಾನೇ ಟೆಲಿಫೋನ್ ಕಚೇರಿಗೆ ಹೋಗಿ ಇಂಜಿನಿಯರ ಮುಂದೆ ಕೂತೆ. ಜನ ಕಳಿಸುವವರೆಗೆ ಏಳುವುದಿಲ್ಲ ಎಂದೆ. ಅಂದೇ ಸಂಜೆ ಆಂಟೆನಾ ಮನೆಯ ಮುಂಭಾಗಕ್ಕೆ ಬಂತು, ಮಾತು ಸ್ವಚ್ಛವಾಯಿತು. ವಾಡಿಗೆ ಫೋನು ಮಾಡಿ ತಿಳಿಸೋಣವೇ ಎಂದು ಅವ್ವ ಕೇಳಿದಳು. “ಬ್ಯಾಡ” ಎಂದೆ.

ಮುಂದಿನ ಬೇಸಿಗೆಯಲ್ಲಿ ಕಾಕಾನ ಮಗಳನ್ನು ನೋಡಲು ಶಹಾಬಾದಿನಿಂದ ಬಂದವರು ದಾರಿ ತಪ್ಪಿ ನಮ್ಮ ಬಾಗಿಲು ಬಡಿದರು. ಅಪ್ಪ “ನಮಗ ಅವರ ಗುರ್ತಿಲ್ರಿ” ಎಂದು ಬಾಗಿಲು ಹಾಕಿದ. ಅವ್ವ ಹಿಂದಿನ ಬಾಗಿಲಿನಿಂದ ಸುತ್ತಿಬಳಸಿ ಹೋಗಿ ಅವರಿಗೆ ಮನೆ ತೋರಿಸಿ ಬಂದಳು. ಅಂದು ಅವಳು ಬಡಿಸಿದ ಊಟವನ್ನು ಅಪ್ಪ ಮುಟ್ಟಲಿಲ್ಲ.