ಗೆರೆಯ ಹೊರಗಿನ ವಾರ್ಮ್ ಅಪ್

ನಮ್ಮ ಪಿ.ಟಿ. ಟೀಚರ ವಿಸಿಲಿನ ತುದಿಯಲ್ಲಿ ಹಲ್ಲಿನ ಗುರುತುಗಳಿದ್ದವು. ಊದದೆ ಇರುವಾಗಲೂ ಅದನ್ನು ಕಚ್ಚಿಕೊಂಡೇ ಇರುತ್ತಿದ್ದರು. ಬೈಯಬೇಕಾದಾಗ ಮಾತ್ರ ಬಾಯಿಂದ ತೆಗೆಯುತ್ತಿದ್ದರು. ಕರಿಮಣಿ ಚೂಡಿದಾರದ ಒಳಗೆ, ವಿಸಿಲು ಹೊರಗೆ.

ರಾಮಕುಂಜದಿಂದ ಸ್ವಲ್ಪ ಆಚೆ ನಮ್ಮ ಹೈಸ್ಕೂಲು. ಎಂಟನೆಯಲ್ಲಿದ್ದಾಗ ಅವರು ನನ್ನನ್ನು ಕಬಡ್ಡಿ ತಂಡಕ್ಕೆ ಸೇರಿಸಿಕೊಂಡರು. ನಾನು ಎಲ್ಲರಿಗಿಂತ ಉದ್ದವಿದ್ದೆ. ಆಟಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳುವುದಕ್ಕೆ ವಾರ್ಮ್ ಅಪ್ ಎನ್ನುತ್ತಾರೆಂದು ಮೊದಲ ದಿನವೇ ಕಲಿಸಿದರು. ಮೂರು ವರ್ಷದಲ್ಲಿ ನನಗೆ ಕಲಿಸಿದ್ದು ಅದೊಂದೇ. ಉಳಿದವರು ಅಂಕಣದೊಳಗೆ ಹಿಡಿಯುವುದನ್ನು ಕಲಿಯುವಾಗ ನಾನು ಮೈದಾನದ ಸುತ್ತ ಓಡಬೇಕು.

"ಇವಳಿಗೆ ಬೇರೆ ಪ್ರಾಕ್ಟೀಸ್ ಉಂಟು," ಎಂದು ಟೀಚರು ಉಳಿದವರಿಗೆ ಹೇಳುತ್ತಿದ್ದರು. ಅವರು ನಂಬಿದರು. ನಾನೂ ನಂಬಿದೆ.

ಪಂದ್ಯದಲ್ಲಿ ನಮ್ಮವರು ಸೋಲತೊಡಗಿದರೆ ವಿಸಿಲು ಬಾಯಿಂದ ಹೊರಬರುತ್ತಿತ್ತು.

"ಏ ಉದ್ದ, ಎಂತ ಕೂತದ್ದು? ವಾರ್ಮ್ ಅಪ್ ಮಾಡು!"

"ಇಳಿಯುದಾ ಟೀಚರ್?"

"ಕೇಳಿದ್ರೆ ಇಳಿಸುದಿಲ್ಲ. ಓಡು."

ಗೆರೆಯ ಪಕ್ಕದಲ್ಲೇ ಮಂಡಿ ಎತ್ತಿ ಓಡುತ್ತಿದ್ದೆ. ಒಳಗಿದ್ದವರು ನನ್ನನ್ನು ನೋಡಿ ಜಾಗ ಹೋದೀತೆಂದು ಮತ್ತೆ ಮೈಮೇಲೆ ಬಿದ್ದು ಆಡುತ್ತಿದ್ದರು. ಅಷ್ಟರಲ್ಲಿ ಆಟ ಮುಗಿಯುತ್ತಿತ್ತು.

ಹತ್ತನೆಯ ಕೊನೆಯ ಪಂದ್ಯ ಪುತ್ತೂರಿನಲ್ಲಿ. ಈ ಸಲ ಇಳಿಸಿಯೇ ಇಳಿಸುತ್ತಾರೆ ಎಂದು ನಾನು ಹೇಳಿದ್ದರಿಂದ ಅಮ್ಮ ಗೇರುಬೀಜದ ಫ್ಯಾಕ್ಟರಿಗೆ ಅರ್ಧ ದಿನ ರಜೆ ಹಾಕಿದ್ದಳು. ಆಟದ ನಡುವೆ ಕ್ಯಾಪ್ಟನ್‌ಳ ಕಾಲು ಉಳುಕಿತು. ನಾನು ಆಗಲೇ ಓಡುತ್ತಿದ್ದೆ.

"ಆಗದಿದ್ರೆ ಹೊರಗೆ ಬಾ ಮಾರಾಯ್ತಿ, ಇವಳು ರೆಡಿ ಉಂಟು," ಎಂದು ಟೀಚರು ಕೂಗಿದರು.

ಕ್ಯಾಪ್ಟನ್ ನನ್ನನ್ನೊಮ್ಮೆ ನೋಡಿದಳು. ಕುಂಟುತ್ತಲೇ ಎದ್ದು ಇಬ್ಬರನ್ನು ಹಿಡಿದಳು. ಗೆದ್ದೆವು.

ಬಸ್ಸು ತಡವಾಗಿ ಅಮ್ಮ ತಲುಪಿದ್ದು ಆಮೇಲೆ. ಎಲ್ಲರಿಗಿಂತ ಹೆಚ್ಚು ಬೆವರಿದ್ದವಳು ನಾನು. ಸೆರಗಿನಿಂದ ನನ್ನ ಮುಖ ಒರೆಸುತ್ತ ಕೇಳಿದಳು:

"ನಿನ್ನದು ಎಷ್ಟು ಪಾಯಿಂಟ್?"

"ಎರಡು," ಎಂದೆ.

ಟೀಚರು ಹಿಂದೆಯೇ ಇದ್ದರು. "ಎಂತ ಎರಡು? ಇವಳು ಗೆರೆ ದಾಟ್ಲೇ ಇಲ್ಲ ಅಮ್ಮ. ಬರೀ ಓಡಿದ್ದು."

ತಂಡ ನಕ್ಕಿತು. ಅಮ್ಮ ಆಗಲೇ ಒರೆಸಿ ಒಣಗಿದ್ದ ನನ್ನ ಕುತ್ತಿಗೆಯನ್ನು ಒರೆಸುತ್ತಲೇ ಇದ್ದಳು.

ನನ್ನ ಎಂ.ಎಸ್ಸಿ. ಮುಗಿದ ವರ್ಷ, ಟೀಚರು ಕಡಬದ ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಹೋದೆ. ವಿಸಿಲು ಕಿಟಕಿಯ ಸರಳಿನಲ್ಲಿ ನೇತಾಡುತ್ತಿತ್ತು. ನನ್ನನ್ನು ಯಾಕೆ ಒಮ್ಮೆಯೂ ಇಳಿಸಲಿಲ್ಲ ಎಂದು ಕೇಳಿದೆ. ಅವರು ಯೋಚಿಸಲಿಲ್ಲ.

"ಒಮ್ಮೆ ಇಳಿಸಿದ್ರೆ ನೀನು ಎಷ್ಟು ಅಂತ ಒಳಗೆ ಆಡುವ ನಮ್ಮವರಿಗೆ ಗೊತ್ತಾಗ್ತಿತ್ತು. ಮತ್ತೆ ನಿನಗೆ ಯಾರು ಹೆದರುದು?"

"ನಾನು ಎಷ್ಟಿದ್ದೆ ಟೀಚರ್?"

"ಅದು ನನಗೆಂತ ಗೊತ್ತು? ನಾನು ನೋಡ್ಲೇ ಇಲ್ಲಲ್ಲ."

ಎರಡು ವಾರದಲ್ಲಿ ತೀರಿಕೊಂಡರು. ಅಂಗಳದಲ್ಲಿ ಮಲಗಿಸಿದ್ದಾಗ ನಮ್ಮ ಹಳೆಯ ಕ್ಯಾಪ್ಟನ್ ಮಗುವನ್ನೆತ್ತಿಕೊಂಡು ನನ್ನ ಬಳಿ ಬಂದಳು.

"ನೀನು ಭಾರೀ ಒಳ್ಳೆ ಆಡ್ತಿದ್ದಿ, ಅಲ್ವಾ? ನನಗೆ ನಿನ್ನದೇ ಹೆದರಿಕೆ."

"ಹೌದು," ಎಂದೆ.

ಟೀಚರು ನಮ್ಮಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದರು. ಈ ಸಲ ಏನೂ ಹೇಳಲಿಲ್ಲ.