ಪಕ್ಕದ ಮನೆಯ ಎರಡನೇ ಪೂಜೆ

ಪಕ್ಕದ ಮನೆ ದೊಡ್ಡಮ್ಮನ ಎಡ ಅಂಗೈಯ ಗೆರೆಗಳಲ್ಲಿ ಸದಾ ವಿಭೂತಿ ಕೂತಿರುತ್ತಿತ್ತು. ಶಾಲೆಯಲ್ಲಿ ಬಿಸಿಯೂಟ ಬೇಯಿಸಿ, ಆಳುದ್ದದ ಪಾತ್ರೆಗಳನ್ನು ತಿಕ್ಕಿ ಬಂದರೂ ಆ ಬಿಳುಪು ಹೋಗುತ್ತಿರಲಿಲ್ಲ. ಬಲಗೈಯಲ್ಲಿ ಸಾಂಬಾರು ಸಿಡಿದ ಕಲೆಗಳು, ಎಡಗೈಯಲ್ಲಿ ಶಿವ. ದಿನಾ ಬೆಳಿಗ್ಗೆ ಆ ಎಡಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂರುತ್ತಿದ್ದರು. ಪೂಜೆ ಮುಗಿದ ಮೇಲೆ ಅದರ ಜೊತೆ ಜಗಳ.

ನ್ಯಾಮತಿಯ ಆ ವಠಾರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. "ಕಣ್ಣು ಬಿಟ್ಟು ನೋಡಪ್ಪಾ, ಕುಂತಲ್ಲೇ ತೂಕಡಿಸಬ್ಯಾಡ" ಎಂದು ದೇವರನ್ನು ಗದರುವ ದನಿ ಕೇಳಿಯೇ ನನಗೆ ಬೆಳಗಾಗುತ್ತಿದ್ದದ್ದು. ಬೈಯುವ ಹಕ್ಕು ಅವರಿಗಿತ್ತು. ಹುಟ್ಟಿದ ಎರಡು ಮಕ್ಕಳನ್ನು ತೊಟ್ಟಿಲಿಗೆ ಹಾಕುವ ಮೊದಲೇ ಮಣ್ಣಿಗೆ ಕೊಟ್ಟವರು. ಗಂಡ ಚನ್ನಗಿರಿಯಲ್ಲಿ ಇನ್ನೊಂದು ಸಂಸಾರ ಹೂಡಿ, ಈ ಕಡೆ ತಲೆ ಹಾಕಿ ಮಲಗುವುದನ್ನೂ ಬಿಟ್ಟಿದ್ದ.

ನನ್ನ ಮಗಳಿಗೆ ಆರು ವರ್ಷ ತುಂಬಿತ್ತು. ಮೂರು ದಿನದ ಜ್ವರ. ನಾಲ್ಕನೇ ದಿನ ಹೊನ್ನಾಳಿಗೆ ಒಯ್ದೆವು, ಅಲ್ಲಿಂದ ದಾವಣಗೆರೆಗೆ ಕರೆದುಕೊಂಡು ಹೋಗಿ ಎಂದರು. ಆಂಬುಲೆನ್ಸ್‌ನಲ್ಲಿ ಒಂದು ಕೈಯಲ್ಲಿ ಮಗಳ ಕೈ, ಇನ್ನೊಂದು ಕೈಯಲ್ಲಿ ಕೊರಳ ಲಿಂಗ ಹಿಡಿದು ಕೂತಿದ್ದೆ. ದಾವಣಗೆರೆ ಮುಟ್ಟುವ ಮೊದಲೇ ಒಂದು ಕೈ ತಣ್ಣಗಾಯಿತು.

ಮಣ್ಣು ಮಾಡಿ ಬಂದ ಮಾರನೇ ದಿನ ಕೊರಳ ಬೆಳ್ಳಿ ಕರಡಿಗೆಯ ಮುಚ್ಚಳ ತೆಗೆದು, ಒಳಗಿದ್ದ ಲಿಂಗವನ್ನು ಹಿತ್ತಲಿಗೆ ಒಯ್ದು ಬಚ್ಚಲ ಗುಂಡಿಗೆ ಎಸೆದೆ. ದೊಡ್ಡಮ್ಮ ಅಲ್ಲೇ ಬಟ್ಟೆ ಒಣಹಾಕುತ್ತಿದ್ದರು. ನೋಡಿದರು. ಸೀರೆ ಎತ್ತಿ ಕಟ್ಟಿ, ಮೊಣಕೈವರೆಗೆ ಕೆಸರಿಗೆ ಕೈ ಹಾಕಿ ಹುಡುಕಿ ತೆಗೆದರು.

"ನಿನಗೆ ಬ್ಯಾಡಾದ್ರೆ ನನ್ನ ಹತ್ರ ಇರಲಿ. ಬೇಕಾದಾಗ ಕೇಳು" ಎಂದರು.

"ನನಗೆ ಬೇಕಾಗಲ್ಲ" ಎಂದೆ. ನಾನು ಜಗಳೂರು ಕಡೆಯವಳು, ನಯವಾಗಿ ಹೇಳಲು ಬರುವುದಿಲ್ಲ.

"ಬ್ಯಾಡಾದ್ರೆ ಬ್ಯಾಡ. ಉಂಡ್ಯಾ?"

ಅಷ್ಟೇ. ಮುಂದಿನ ವಾರ ಅವರು ಸೂಳೆಕೆರೆ ಹತ್ತಿರದ ತಂಗಿಯ ಮನೆಗೆ ಹೋಗಿ ಬಂದರು. ಕೆರೆಗೆ ಬಿಟ್ಟು ಬಂದಿರಬೇಕು ಅಂದುಕೊಂಡೆ. ಅಷ್ಟು ದೊಡ್ಡ ಕೆರೆಗೆ ನನ್ನದೊಂದು ಕಲ್ಲು ಭಾರವೇ?

ಆ ದಿನಗಳಲ್ಲಿ ಮಾತಾಡಿಸಲು ಬಂದವರೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದರು: ದೇವರು ಪರೀಕ್ಷೆ ಮಾಡುತ್ತಾನೆ, ಬೇಕಾದವರನ್ನು ಬೇಗ ಕರೆಸಿಕೊಳ್ಳುತ್ತಾನೆ. ದೊಡ್ಡಮ್ಮ ಒಂದು ದಿನ ನಮ್ಮ ಬಾಗಿಲಲ್ಲೇ ನಿಂತರು. "ಪರೀಕ್ಷೆ ಮಾಡಾಕೆ ಅವನೇನು ಮೇಷ್ಟ್ರೇನ್ರೀ? ಊಟ ತಂದಿದ್ರೆ ಇಟ್ಟು ಹೋಗ್ರಿ. ಮಾತು ತಂದಿದ್ರೆ ವಾಪಸ್ ತಗಂಡು ಹೋಗ್ರಿ." ಬಂದವರು ಮುಖ ಸಿಂಡರಿಸಿಕೊಂಡು ಹೋದರು. ತಿಂಗಳುಗಟ್ಟಲೆ ನನ್ನ ಗಂಟಲಲ್ಲಿ ಅನ್ನ ಇಳಿದದ್ದು ಅವರು ಎದುರು ಕೂತು ಕಾಯುತ್ತಿದ್ದುದರಿಂದ. ದೇವರ ಹೆಸರನ್ನು ಒಂದು ಸಲವೂ ಎತ್ತಲಿಲ್ಲ. ಎತ್ತಿದ್ದರೆ ತಟ್ಟೆ ಎಸೆಯುತ್ತಿದ್ದೆ.

ಅತ್ತೆಗೆ ಹೆದರಿ ಖಾಲಿ ಕರಡಿಗೆಯನ್ನೇ ಕೊರಳಿಗೆ ಕಟ್ಟಿಕೊಂಡಿದ್ದೆ. ಒಂಬತ್ತು ವರ್ಷ! ಹಬ್ಬಕ್ಕೆ ಬಂದ ನೆಂಟರು ಅದಕ್ಕೂ ಕೈ ಮುಗಿದರು. ಒಳಗೊಳಗೇ ನಗು ಬರುತ್ತಿತ್ತು, ಅದು ಒಳ್ಳೆಯ ನಗುವಲ್ಲ.

ಗೋಡೆಯಾಚೆ ಮಾತ್ರ ಒಂದು ಬದಲಾವಣೆ ಆಗಿತ್ತು. ದೊಡ್ಡಮ್ಮನ ಪೂಜೆ ಮುಗಿಯುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ವಯಸ್ಸಾಯಿತು, ಮರೆವು ಅಂದುಕೊಂಡು ಒಮ್ಮೆ ಛೇಡಿಸಿದೆ. "ಏನು ದೊಡ್ಡಮ್ಮ, ದಿನಾ ಎರಡೆರಡು ಸಲ ಪೂಜೆ ಮಾಡ್ತೀರಲ್ರೀ?"

"ಹೂಂ ಕಣವ್ವ. ಮೊದಲನೇ ಸಲ ಅವನಿಗೆ ಕೇಳಸಾದಿಲ್ಲ" ಎಂದರು, ನಗದೆ.

ಹೋದ ವರ್ಷ ಬಿಸಿಯೂಟದ ಅಕ್ಕಿ ಆರಿಸುತ್ತಾ ಕೂತವರು ಹಾಗೇ ಗೋಡೆಗೆ ಒರಗಿದರಂತೆ. ಮತ್ತೆ ಏಳಲಿಲ್ಲ. ಸವಳಂಗದಿಂದ ಅವರ ತಮ್ಮ, ತಮ್ಮನ ಹೆಂಡತಿ ಬಂದರು. ನಮ್ಮವರಲ್ಲಿ ಹೆಣವನ್ನು ಕೂರಿಸಿ, ಎಡಗೈಯಲ್ಲಿ ಅವರವರ ಲಿಂಗ ಇಟ್ಟು ಮಣ್ಣು ಮಾಡುವುದು. ಒಬ್ಬರಿಗೆ ಒಂದೇ ಲಿಂಗ. ಒಬ್ಬರದ್ದನ್ನು ಇನ್ನೊಬ್ಬರು ಪೂಜಿಸುವಂತಿಲ್ಲ. ಮೈ ತೊಳೆಸುವಾಗ ತಮ್ಮನ ಹೆಂಡತಿ ಕೂಗಿಕೊಂಡಳು. ದೊಡ್ಡಮ್ಮನ ಕೊರಳಲ್ಲಿ ಕರಡಿಗೆಯ ಹಿಂದೆ ಇನ್ನೊಂದು ದಾರ, ಅದರ ತುದಿಗೆ ಬಟ್ಟೆಯ ಗಂಟು, ಗಂಟಿನೊಳಗೆ ಇನ್ನೊಂದು ಲಿಂಗ.

"ಎರಡೆರಡು ಕಟ್ಟಿಕೊಂಡಾಳಲ್ಲ! ಯಾರಿಗೆ ಮಾಟ ಮಾಡಾಕೆ ಇಟ್ಕಂಡಿದ್ಲೋ."

"ಗಂಡಂದು ಕದ್ದು ಇಟ್ಕಂಡಿರಬೇಕು. ಅದಕ್ಕೇ ಅವನು ಬಿಟ್ಟು ಹೋಗಿದ್ದು."

ಜೀವ ತೇಯ್ದು ಊರ ಮಕ್ಕಳಿಗೆಲ್ಲ ಅನ್ನ ಹಾಕಿದವರಿಗೆ ಅರ್ಧ ಗಂಟೆಯಲ್ಲಿ ಮಾಟಗಾತಿಯ ಪಟ್ಟ. ಮಣ್ಣು ಮಾಡಿಸಲು ಬಂದ ಅಯ್ಯನೋರಿಗೂ ದಿಕ್ಕು ತೋಚಲಿಲ್ಲ. "ಎರಡನ್ನೂ ಮಣ್ಣಿಗೆ ಇಟ್ಟುಬಿಡ್ರಿ, ಹೊತ್ತಾಗ್ತೈತೆ" ಎಂದರು.

ನಾನು ಬಾಗಿಲಲ್ಲಿದ್ದೆ. ಪಕ್ಕದಲ್ಲಿ ಅತ್ತೆ. ಸುಮ್ಮನಿದ್ದಿದ್ದರೆ ನನ್ನ ಒಂಬತ್ತು ವರ್ಷದ ಸುಳ್ಳು ಅವರ ಜೊತೆಗೇ ಹೂತುಹೋಗುತ್ತಿತ್ತು. ನಿಜ ಹೇಳಬೇಕೆಂದರೆ, ಒಂದು ಗಳಿಗೆ ಸುಮ್ಮನೆಯೇ ಇದ್ದೆ. ಆ ಗಳಿಗೆಗಾಗಿ ನನ್ನನ್ನು ನಾನು ಕ್ಷಮಿಸಿಲ್ಲ.

ಆಮೇಲೆ ಒಳಗೆ ಹೋಗಿ ಗಂಟಿನಲ್ಲಿದ್ದುದನ್ನು ಕೈಗೆತ್ತಿಕೊಂಡೆ. ಮೇಲಿನ ಕಪ್ಪು ಲೇಪದಲ್ಲಿ ಅಕ್ಕಿಕಾಳಿನಷ್ಟು ಎರಡು ಕಚ್ಚು. ಹಲ್ಲು ಬರುವಾಗ ಮಗಳು ಪೂಜೆಯ ಹೊತ್ತಲ್ಲಿ ನನ್ನ ತೊಡೆ ಮೇಲೆ ಕೂತು, ಕೈಗೆ ಸಿಕ್ಕಿದ್ದನ್ನು ಕಚ್ಚುತ್ತಿದ್ದ ದಿನಗಳ ಗುರುತು. ಅದನ್ನು ನಾನು ಬಚ್ಚಲಿಗೆ ಎಸೆದಿದ್ದೆ. ಅವರು ಒಂಬತ್ತು ವರ್ಷ ಎದೆ ಮೇಲೆ ಇಟ್ಟುಕೊಂಡಿದ್ದರು.

"ಇದು ನಂದು" ಎಂದೆ. ಯಾರೂ ನಂಬಲಿಲ್ಲ. ಕೊರಳ ಕರಡಿಗೆ ಬಿಚ್ಚಿ, ಮುಚ್ಚಳ ತೆಗೆದು ಎಲ್ಲರ ಮುಂದೆ ಹಿಡಿದೆ. ಒಳಗೆ ಏನೂ ಇರಲಿಲ್ಲ. "ನಾನು ಎಸೆದಿದ್ದೆ. ದೊಡ್ಡಮ್ಮ ಹೆಕ್ಕಿ ತಂದು ನನ್ನ ಪಾಲಿನ ಪೂಜೆಯನ್ನೂ ಮಾಡ್ತಿದ್ರು. ಮಾಟ ಅಂದೋರು ಇನ್ನೊಂದ್ಸಲ ಅನ್ರಿ ನೋಡೋಣ."

ದೊಡ್ಡಮ್ಮನನ್ನು ಅವರದೇ ಲಿಂಗದೊಂದಿಗೆ ಮಣ್ಣು ಮಾಡಿದರು. ಅತ್ತೆ ಮೂರು ತಿಂಗಳು ನನ್ನ ಕೈನೀರು ಮುಟ್ಟಲಿಲ್ಲ. ಮುಟ್ಟದಿದ್ದರೆ ಬಿಡಲಿ.

ನನಗೆ ಭಕ್ತಿ ಬಂತು ಎಂದು ಯಾರೂ ಹಿಗ್ಗಬೇಕಾಗಿಲ್ಲ. ಮಗಳು ಹೋದದ್ದು ಇಂದಿಗೂ ನನಗೆ ಅನ್ಯಾಯವೇ. ಆದರೆ ಗೋಡೆಯಾಚೆಯ ಮನೆಗೆ ಬೀಗ ಬಿದ್ದಿದೆ, ಬೆಳಗಿನ ಆ ದನಿ ಇಲ್ಲ. ಆ ಹೊತ್ತಿಗೆ ಎದ್ದು, ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು, ಆ ಎರಡು ಕಚ್ಚುಗಳ ಮೇಲೆ ಬೆರಳಾಡಿಸಿ ಬಾಯಿಗೆ ಬಂದಂತೆ ಬೈಯುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಬೈಯುತ್ತೇನೆ. ಮೊದಲನೇ ಸಲ ಅವನಿಗೆ ಕೇಳಿಸುವುದಿಲ್ಲ.