ನೆಗೆಣ್ಣಿಗೆ ಹಚ್ಚಿದ ‘ರಿ’

ಚಿನ್ನಿ, ಪುಟ್ಟ,

ಹೋದ ರಜೆಗೆ ಬಂದಾಗ ಚಿನ್ನಿ ಒಂದು ಮಾತು ಹೇಳಿದಳು. ಶಾಲೆಯ ಗೆಳತಿ ಅವಳಿಗೆ ಏನೋ ಅಂದಳಂತೆ. “ನಾನೇನು ಜಗಳ ಆಡೂದಿಲ್ಲ ಅಜ್ಜಿ, ಅಕಿ ಕೂಡ ಸುಮ್ಮನ ಇದ್ದುಬಿಡ್ತೀನಿ” ಅಂದಳು. ಆಗ ನನಗೆ ಹೇಳಬೇಕಾದದ್ದು ಬಹಳ ಇತ್ತು, ಆದರೆ ಬಾಯಿಗೆ ಬರಲಿಲ್ಲ. ನಾಲ್ಕು ಜನ ಕೂತಿದ್ದರೆ ನಾನು ಬಾಗಿಲ ಮರೆಗೆ ನಿಲ್ಲುವವಳು ಎಂಬುದು ನಿಮಗೆ ಗೊತ್ತೇ ಇದೆ. ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದೇನೆ. ಮಾತಿಗಿಂತ ಅಕ್ಷರವೇ ನನಗೆ ವಾಸಿ, ಅದಕ್ಕೇ ಬರೆಯಲು ಕೂತಿದ್ದೇನೆ. ಸುಮ್ಮನಿದ್ದು ಮಾಡುವ ಜಗಳ ಎಂಥದ್ದು ಎಂದು ನನಗೆ ಚೆನ್ನಾಗಿ ಗೊತ್ತು. ಅದರಿಂದ ಹೊರಗೆ ಬರುವುದು ಹೇಗೆ ಎಂಬುದೂ ಗೊತ್ತು.

ಗೋಡೆಯಾಚೆ ಇರುವ ನಿಮ್ಮ ಚಿಕ್ಕಜ್ಜಿ ನನ್ನ ನೆಗೆಣ್ಣಿ, ನಿಮ್ಮ ಅಜ್ಜನ ತಮ್ಮನ ಹೆಂಡತಿ. ನಾನು ಹಡಗಲಿ ಕಡೆಯವಳು, ಅವಳು ಹರಪನಹಳ್ಳಿ ಕಡೆಯವಳು. ಇಬ್ಬರೂ ಒಂದೇ ವರ್ಷ ಈ ಮನೆಗೆ ಸೊಸೆಯರಾಗಿ ಬಂದೆವು. ಆಗ ಗೋಡೆ ಇರಲಿಲ್ಲ, ಒಂದೇ ಒಲೆ. ನಾನು ರೊಟ್ಟಿ ಬಡಿಯುತ್ತಿದ್ದೆ, ಅವಳು ಹಂಚಿನ ಮುಂದೆ ಕೂತು ಬೇಯಿಸುತ್ತಿದ್ದಳು. ನಾನು “ಐತಿ” ಅಂದರೆ ಅವಳು “ಐತೆ” ಅನ್ನುವಳು. ಅದನ್ನೇ ಆಡಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದೆವು. ನಾನು ಹಿರಿಯ ಸೊಸೆ, ನನ್ನನ್ನು ಅಕ್ಕ ಅನ್ನಬೇಕು ಎಂದು ಅತ್ತೆ ಅವಳಿಗೆ ಹೇಳಿದ್ದರು. ಅತ್ತೆಯ ಮುಂದೆ ಅಕ್ಕ ಅನ್ನುತ್ತಿದ್ದಳು. ಒಲೆಯ ಮುಂದೆ ಇಬ್ಬರಿಗೂ ಇದ್ದದ್ದು “ಲೇ” ಒಂದೇ. ನಿಮ್ಮ ಅಜ್ಜನ ಮುಂದೆ ಕೂಡ ಎತ್ತರದ ದನಿಯಲ್ಲಿ ಮಾತಾಡದ ನಾನು ಅವಳೊಬ್ಬಳ ಹತ್ತಿರ ಬಾಯಿ ತುಂಬ ಮಾತಾಡುತ್ತಿದ್ದೆ. ಮುಂದೆ ಸಂಸಾರ ಬೆಳೆಯಿತು, ನಡುವೆ ಗೋಡೆ ಎದ್ದಿತು, ಒಲೆ ಎರಡಾದವು. ಮಾತು ಮಾತ್ರ ಹಾಗೇ ಇತ್ತು.

ಒಂದು ಬೇಸಿಗೆಯ ಮಧ್ಯಾಹ್ನ ನಿಮ್ಮ ಅಜ್ಜ ಹೊಲದಿಂದ ಬಂದು ಎದೆ ಉರಿಯುತ್ತದೆ ಎಂದರು. “ಗ್ಯಾಸ್ ಆಗೈತಿ, ಅಜವಾನ ಕುದಿಸಿ ಕೊಡು.” ಕುದಿಸಿ ಕೊಟ್ಟೆ. ದವಾಖಾನೆಗೆ ಹೋಗೋಣ ಎಂದೆ. “ಸಂಜಿ ಬಸ್ಸಿಗೆ ಹೋದ್ರಾತು. ಊರೆಲ್ಲ ಎಬ್ಬಿಸಬ್ಯಾಡ” ಎಂದರು. ಸಂಜೆಯ ಬಸ್ಸು ಬರುವ ಮೊದಲೇ ಹೋಗಿಬಿಟ್ಟರು.

ಮಣ್ಣು ಮಾಡಿ ಎಲ್ಲರೂ ತಿರುಗಿ ಬಂದ ಮೇಲೆ ನಾನು ಗೋಡೆಗೆ ಒರಗಿ ಕೂತಿದ್ದೆ. ಗೋಡೆಯಾಚೆ ಬಂಧುಗಳ ನಡುವೆ ನನ್ನ ನೆಗೆಣ್ಣಿ ಅಳುತ್ತ ಅಂದದ್ದು ಕಿವಿಗೆ ಬಿತ್ತು: “ಅಕ್ಕ ಸರಿಯಾಗಿ ನೋಡ್ಕಂಡಿದ್ರೆ ಬಾವ ಉಳೀತಿದ್ದ.”

ಬೇರೆ ಹೆಂಗಸಾಗಿದ್ದರೆ ಎದ್ದು ಹೋಗಿ ಕೇಳುತ್ತಿದ್ದಳು. ನನಗೆ ಜಗಳ ಆಡಲು ಬರುವುದಿಲ್ಲ. ಆಮೇಲೆ ಅವಳು ಚಹಾ ತಂದು ಕೊಟ್ಟಾಗ ನಾನು “ಅಲ್ಲಿ ಇಡ್ರಿ” ಅಂದೆ. ಅಷ್ಟೇ. ಅವತ್ತಿನಿಂದ ಅವಳಿಗೆ “ಬರ್ರಿ”, “ಕುಂದರ್ರಿ”, “ಊಟ ಆತೇನ್ರಿ”. ನೋಡಿದವರು ನೆಗೆಣ್ಣಿಯರು ಎಷ್ಟು ಮರ್ಯಾದೆಯಿಂದ ಇದ್ದಾರೆ ಅನ್ನುತ್ತಿದ್ದರು. ನಮ್ಮ ಸೀಮೆಯಲ್ಲಿ ದಾರಿಯಲ್ಲಿ ಹೋಗುವವರಿಗೂ “ರಿ” ಅನ್ನುತ್ತೇವೆ, ಅದರಲ್ಲಿ ತಪ್ಪು ಹುಡುಕುವುದು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ನನಗೆ ಅದು ಬಹಳ ಹಿಡಿಸಿತು. ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದೆ, ಜ್ವರ ಬಂದರೆ ಗಂಜಿ ಕಳಿಸುತ್ತಿದ್ದೆ. ಎಲ್ಲದಕ್ಕೂ ಒಂದು “ರಿ” ಹಚ್ಚಿಯೇ ಕಳಿಸುತ್ತಿದ್ದೆ. ಹೀಗೆ ವರ್ಷಗಳು ಹೋದವು.

ಹೋದ ವರ್ಷ ಜೋಳದ ಸುಗ್ಗಿ ಮುಗಿದ ಹೊತ್ತಿಗೆ ಅವಳು ಹಿತ್ತಲ ಕಲ್ಲಿನ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಹಗರಿಬೊಮ್ಮನಹಳ್ಳಿಗೆ ಹೋಗಿ ಪಟ್ಟಿ ಹಾಕಿಸಿಕೊಂಡು ಬಂದಳು. ಅವಳ ಸೊಸೆ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ಮರುದಿನ ನಮ್ಮ ಹೊಸ್ತಿಲ ಹೊರಗೆ ನಿಂತು ಕೇಳಿದಳು.

“ಅಕ್ಕ, ನಾಲ್ಕು ರೊಟ್ಟಿ ಬಡಿದು ಕೊಡ್ತೀಯಾ? ಮನೆಯೋರಿಗೆ ಬರೀ ಅನ್ನ ಉಂಡು ಬ್ಯಾಸರಾಗೈತೆ.”

“ಕಳಸ್ತೀನ್ರಿ. ಒಳಗ ಬರ್ರಿ.”

“ಇರ್ಲಿ ಬಿಡು” ಎಂದು ಅಲ್ಲಿಂದಲೇ ತಿರುಗಿದಳು. ಇದೇ ಹೊಸ್ತಿಲ ಮೇಲೆ ಸೇರಕ್ಕಿ ಒದ್ದು ಒಳಗೆ ಬಂದವಳು, ಹಿಟ್ಟು ಕೇಳಲು ಬಂದ ಪರವೂರಿನವರ ಹಾಗೆ ಹೊರಗೆ ನಿಂತಿದ್ದಳು. ನಿಲ್ಲಿಸಿದವಳು ನಾನು. ಇಷ್ಟು ವರ್ಷ ನಾನು ಬಯಸಿದ್ದೂ ಅದನ್ನೇ, ಆದರೂ ನೋಡಿ ಸಮಾಧಾನ ಆಗಲಿಲ್ಲ.

ಆ ಮಧ್ಯಾಹ್ನ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತೆ. ಹರಳು ಆರಿಸುವಾಗ ಕೈ, ಕಣ್ಣು ಎರಡೂ ಕೆಲಸದಲ್ಲಿರುತ್ತವೆ, ಮನಸ್ಸು ಬಿಡುವಾಗಿರುತ್ತದೆ. ಅವಳ ಮಾತು ನನಗೆ ಇಷ್ಟು ವರ್ಷ ಯಾಕೆ ಚುಚ್ಚುತ್ತಿದೆ ಎಂದು ಮೊದಲ ಸಲ ಕೇಳಿಕೊಂಡೆ. ಊರಲ್ಲಿ ಯಾರು ಯಾರೋ ಏನೇನೋ ಅಂದಿದ್ದಾರೆ, ಅವೆಲ್ಲ ಮರೆತುಹೋಗಿವೆ. ಇದೊಂದೇ ಯಾಕೆ ಉಳಿಯಿತು? ಮನೆಯಲ್ಲಿ ಯಾರೂ ಇರಲಿಲ್ಲ. ಆ ಮಾತನ್ನು ನನ್ನ ದನಿಯಲ್ಲೇ ಒಮ್ಮೆ ಅಂದು ನೋಡಿದೆ: “ನಾ ಸರಿಯಾಗಿ ನೋಡಿಕೊಂಡಿದ್ರ ಅವರು ಉಳೀತಿದ್ರು.”

ತಡವರಿಸದೆ ಬಂತು, ಮಕ್ಕಳೇ. ನೂರು ಸಲ ಅಂದು ರೂಢಿ ಇದ್ದವರ ಹಾಗೆ ಬಂತು. ಆಗ ಗೊತ್ತಾಯಿತು, ಅದು ಅವಳದ್ದಕ್ಕಿಂತ ಹೆಚ್ಚು ನನ್ನದೇ ಮಾತು. ಅವಳು ಒಂದು ದಿನ ಅಂದಳು, ನಾನು ದಿನಾ ಅಂದುಕೊಳ್ಳುತ್ತಿದ್ದೆ. ಅವಳ ಮೇಲೆ ಸಿಟ್ಟು ಇಟ್ಟುಕೊಂಡರೆ ಅದನ್ನು ಹೇಳುವವಳು ನಾನಲ್ಲ, ಅವಳು ಎಂದು ಇದ್ದುಬಿಡಬಹುದಿತ್ತು.

ಮೊರ ಕೆಳಗಿಟ್ಟೆ. ಆ ಮಧ್ಯಾಹ್ನವನ್ನು ಮೊದಲಿನಿಂದ ಕೊನೆಯವರೆಗೆ ಸಮಾಧಾನವಾಗಿ ನೋಡಿದೆ. ಎದೆಯುರಿಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಅಜವಾನವನ್ನೇ ಕೊಡುತ್ತಿದ್ದೆವು, ಎಲ್ಲರೂ ಗುಣವಾಗುತ್ತಿದ್ದರು. ದವಾಖಾನೆ ಎಂದೆ. ಅವರು ಸಂಜೆ ಎಂದರು. ಸಂಜೆ ಎಂಬುದು ಇಲ್ಲ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಆಮೇಲೆ ಗೊತ್ತಾದದ್ದನ್ನು ಹಿಡಿದುಕೊಂಡು, ಆಗ ಏನೂ ಗೊತ್ತಿಲ್ಲದ ಹೆಂಗಸನ್ನು, ಅಂದಿನ ನನ್ನನ್ನೇ, ನಾನು ಇಷ್ಟು ವರ್ಷ ಬೈಯುತ್ತಿದ್ದೆ. ಅವಳು ಗಂಡನ ಬೆನ್ನು ನೀವುತ್ತ, ಸೆರಗಿನಿಂದ ಗಾಳಿ ಹಾಕುತ್ತ ಕೂತಿದ್ದಳು. ಅವಳದ್ದೇನೂ ತಪ್ಪಿರಲಿಲ್ಲ. ನಾನು ಇದನ್ನು ಸಮಾಧಾನಕ್ಕೆಂದು ಹೇಳುತ್ತಿಲ್ಲ, ಇರುವುದೇ ಹೀಗೆ. ಆ ಹೆಂಗಸನ್ನು ಬಿಟ್ಟುಬಿಟ್ಟೆ. ಅವಳನ್ನು ಬಿಟ್ಟ ಮೇಲೆ ನೆಗೆಣ್ಣಿಯನ್ನು ಹಿಡಿದಿಡುವುದಕ್ಕೆ ಕಾರಣವೇ ಉಳಿಯಲಿಲ್ಲ. ಬಹಳ ದಿನದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡೆ.

ಬೆಳಿಗ್ಗೆ ರೊಟ್ಟಿ ಕಳಿಸಲಿಲ್ಲ, ನಾನೇ ಹೋದೆ. ಇವತ್ತು ಬಾಯಿ ತುಂಬ “ಲೇ” ಅನ್ನಬೇಕು ಎಂದು ಅಂಗಳ ದಾಟುವಾಗ ಮನಸ್ಸಿನಲ್ಲೇ ಅಂದುಕೊಂಡೆ. ಬಾಗಿಲಿಗೆ ಹೋಗುತ್ತಲೇ ಬಾಯಿಗೆ ಬಂದದ್ದು “ಬಂದೀನ್ರಿ”.

ಅವಳು ಹಿಟ್ಟಿನ ಡಬ್ಬಿ ಮುಂದಿಟ್ಟಳು. ನಾನು ಬಡಿಯಲು ಕೂತೆ. ಅವಳು ಎಡಗೈಯಲ್ಲಿ ಬೇಯಿಸುತ್ತೇನೆ ಎಂದು ಹಂಚಿನ ಮುಂದೆ ಕೂತಳು. ಎಡಗೈಗೆ ರೂಢಿ ಇಲ್ಲ. ರೊಟ್ಟಿ ಮೇಲೇಳದೆ ಹೊಗೆ ಎದ್ದಿತು.

“ಹೊತ್ತತೈತಿ, ತಿರುವು ಲೇ!”

ನನ್ನ ಕೈ ಹಿಟ್ಟಿನ ಮೇಲೆ ನಿಂತಿತು. ಅವಳು ರೊಟ್ಟಿ ತಿರುವಲಿಲ್ಲ, ನನ್ನ ಕಡೆ ತಿರುಗಿದಳು.

“ಏನಂದೆ?”

“ರೊಟ್ಟಿ ಹೊತ್ತತೈತಿ ಅಂದೆ.”

“ಅದರ ಹಿಂದೆ ಇನ್ನೊಂದು ಅಂದೆ.”

ಇನ್ನು ಮುಚ್ಚಿಡುವುದು ಬೇಡ ಅನ್ನಿಸಿತು. “ಅವರು ತೀರಿಕೊಂಡ ದಿನ ನೀ ಗೋಡಿ ಆಚಿ ಅಂದಿದ್ದು ನಾ ಕೇಳೀನಿ” ಅಂದೆ.

“ಗೊತ್ತು.”

“ಗೊತ್ತಿತ್ತ?”

“ನೀ ರಿ ಹಚ್ಚಿದ ದಿನವೇ ಗೊತ್ತಾತು. ಬೀಗರನ್ನ ಮಾತಾಡಿಸಿದಂಗೆ ಮಾತಾಡಿಸಿದ್ರೆ ತಿಳಿಯಲ್ವಾ? ನೀ ಎರಡು ಬೈದಿದ್ರೆ ನಾ ನಾಲ್ಕು ಬೈದು, ಅತ್ತು ಮುಗಿಸ್ತಿದ್ದೆ. ರಿ ಅಂದ್ರೆ ತಿರುಗಿ ಏನಂತ ಬೈಯ್ಲಿ ನಾನು?”

“ಮತ್ತ ಅವತ್ತು ಹಂಗ್ಯಾಕ ಅಂದಿ?”

ಅವಳು ಎಡಗೈಯಲ್ಲೇ ಒಲೆಗೆ ಕಟ್ಟಿಗೆ ನೂಕಿದಳು. “ನಮ್ಮಪ್ಪ ಸತ್ತ ಮೇಲೆ ಬಾವನೇ ನನಗೆ ಅಪ್ಪ ಆಗಿದ್ದ. ಯಾರನ್ನಾದ್ರೂ ಬೈಬೇಕಾಗಿತ್ತು. ಮೈಲಾರಲಿಂಗನ್ನ ಬೈಯಾಕೆ ಧೈರ್ಯ ಸಾಲಲಿಲ್ಲ. ನೀ ಸಿಕ್ಕೆ.”

ತಪ್ಪಾಯಿತು ಎಂದು ಅವಳು ಅನ್ನಲಿಲ್ಲ. ಅನ್ನಲಿ ಎಂದು ನಾನು ಕಾಯಲೂ ಇಲ್ಲ. ಅವಳ ಬಾಯಿಂದ ಆ ಮಾತು ಬಂದ ಮೇಲೆ ಕ್ಷಮಿಸೋಣ ಎಂದು ಹೋಗಿದ್ದರೆ ಇಂದಿಗೂ ಅಲ್ಲೇ ಕೂತಿರುತ್ತಿದ್ದೆ, ನಮ್ಮ ನೆಗೆಣ್ಣಿಯ ಮೊಂಡುತನ ನನಗೆ ಗೊತ್ತಿಲ್ಲವೆ? ಇಬ್ಬರೂ ಅತ್ತೆವು. ಹಿಟ್ಟಿನ ಕೈಯಲ್ಲಿ ಕಣ್ಣೊರೆಸಿಕೊಂಡು ನನ್ನ ಮುಖವೆಲ್ಲ ಬೆಳ್ಳಗಾಗಿತ್ತು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಇದ್ದಿಲಾಯಿತು.

“ಇದನ್ನ ನೀನೇ ತಿನ್ಬೇಕು” ಅಂದಳು.

“ಸುಟ್ಟಾಕಿ ನೀನು, ತಿನ್ನಾಕಿ ನಾನೇನಲೇ?”

ಅವಳ ಕೈ ಕೂಡುವವರೆಗೂ ದಿನಾ ಹೋಗಿ ಬಡಿದು ಕೊಟ್ಟೆ. ಆಗಲೇ ತಿಳಿದುಕೊಂಡೆ, ಮನಸ್ಸು ಶಾಂತವಾಗುವುದು ಎಂದರೆ ನೆನಪು ಅಳಿಸಿಹೋಗುವುದಲ್ಲ. ಈಗಲೂ ಬಿಸಿಲು ಜೋರಾದ ದಿನ ಆ ಮಾತು ಬರುತ್ತದೆ. ಬಂದರೆ ಹೆದರುವುದಿಲ್ಲ. ಆ ಮಧ್ಯಾಹ್ನ ಏನೇನು ನಡೆಯಿತು ಎಂದು ಅದಕ್ಕೆ ಮೊದಲಿನಿಂದ ಹೇಳುತ್ತೇನೆ, ಅದು ಹೋಗುತ್ತದೆ. ನಾನು ಕೆಲಸ ನೋಡಿಕೊಳ್ಳುತ್ತೇನೆ.

ಚಿನ್ನಿ, ನಿನ್ನ ಗೆಳತಿಯ ಹತ್ತಿರ ಹೋಗು ಎಂದು ನಾನು ಹೇಳುವುದಿಲ್ಲ. ಅವಳು ಅಂದ ಮಾತನ್ನು ಒಬ್ಬಳೇ ಇದ್ದಾಗ ನಿನ್ನ ದನಿಯಲ್ಲಿ ಒಮ್ಮೆ ಅಂದು ನೋಡು. ಅದು ಬರೀ ಅವಳದ್ದೇ ಮಾತಾಗಿದ್ದರೆ ನಿನ್ನ ಬಾಯಲ್ಲಿ ನಿಲ್ಲುವುದಿಲ್ಲ. ನಿಂತರೆ, ಮೊದಲು ನಿನ್ನ ಜೊತೆ ರಾಜಿಯಾಗು. ಅವಳ ಹತ್ತಿರ ಹೋಗುವ ದಾರಿ ಆಮೇಲೆ ತಾನೇ ಕಾಣುತ್ತದೆ. ಅದಕ್ಕೆ ನನಗೆ ಹಿಡಿದಷ್ಟು ವರ್ಷ ನಿನಗೆ ಹಿಡಿಯಬಾರದು.

ಪುಟ್ಟ, ನಿನಗೆ ಇನ್ನೂ ಇದೆಲ್ಲ ತಿಳಿಯುವ ವಯಸ್ಸಲ್ಲ. ನಿನಗೂ ಒಂದು ದಿನ ಯಾರ ಮೇಲೋ ಸಿಟ್ಟು ಬರುತ್ತದೆ, ಆಗ ಬೇಕಾಗುತ್ತದೆ. ಆದ್ದರಿಂದ ಈ ಹಾಳೆಗಳಲ್ಲಿ ವಿಮಾನ ಮಾಡಬೇಡ. ನಿಮ್ಮಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ನುಸಿ ಹಿಡಿಯದ ಹಾಗೆ ಇಬ್ಬರೂ ಸೇರಿ ಜೋಪಾನವಾಗಿ ಇಡಿ.